ಕಾಂಚನಬುರಿಯಲ್ಲಿ ಬೇವು ಸಿಕ್ಕಿತು

ಹೊರದೇಶದ ಶೂಟಿಂಗ್‌ನಲ್ಲಿ ಹಬ್ಬಕ್ಕೆ ರಜೆ ಇರುವುದಿಲ್ಲ. ಕ್ಯಾಮೆರಾ, ಲೈಟು, ವ್ಯಾನು ಎಲ್ಲಕ್ಕೂ ದಿನದ ಬಾಡಿಗೆ. ಲೊಕೇಶನ್ ಅನುಮತಿಯಲ್ಲೂ ತಾರೀಖು ಬರೆದಿರುತ್ತದೆ. ಥಾಯ್ಲೆಂಡ್‌ನಲ್ಲಿ ಆ ಅನುಮತಿಯನ್ನು ಅಲ್ಲಿನ ನೋಂದಾಯಿತ ಸಂಯೋಜಕರ ಮೂಲಕವೇ ಪಡೆಯಬೇಕು, ಸುಮ್ನೆ ಒಂದು ದಿನ ಮುಂದೂಡೋಕೆ ಆಗಲ್ಲ. ಹಾಗಾಗಿ 2023ರ ಮಾರ್ಚ್ 22, ಯುಗಾದಿಯ ದಿನವೂ ನಮ್ಮ ಹಾಡಿನ ಚಿತ್ರೀಕರಣ ಇತ್ತು. ಜಾಗ ಕಾಂಚನಬುರಿ. ಬ್ಯಾಂಕಾಕ್‌ನಿಂದ ಪಶ್ಚಿಮಕ್ಕೆ ಸುಮಾರು 130 ಕಿಲೋಮೀಟರ್, ಕ್ವಾಯ್ ನದಿಯ ರೈಲು ಸೇತುವೆ ಇರುವ ಊರು. ನಾನು ಕಾಸ್ಟ್ಯೂಮ್ ವಿಭಾಗದವಳು.

ಹಿಂದಿನ ದಿನ ಎಲ್ಲರಿಗೂ ಒಂದೇ ಯೋಚನೆ, ಬೇವು ಎಲ್ಲಿಂದ ತರೋದು? ಅಡುಗೆ ಭಟ್ಟರು ಮೊಬೈಲಿನಲ್ಲಿ ಬೇವಿನ ಫೋಟೋ ತೆಗೆದು ವ್ಯಾನ್ ಓಡಿಸುವವನಿಗೆ ತೋರಿಸಿದರು. ಅವನು "ಸದಾವ್, ಸದಾವ್" ಅಂತ ನಗುತ್ತಾ ನೇರ ಸಂತೆಗೆ ಕರೆದುಕೊಂಡು ಹೋದ. ಅಲ್ಲಿ ಮಾವಿನಕಾಯಿ ರಾಶಿಯ ಪಕ್ಕದಲ್ಲೇ ಬೇವಿನ ಎಳೆ ಚಿಗುರು, ಮೊಗ್ಗು ಕಟ್ಟು ಕಟ್ಟಾಗಿ ಮಾರಾಟಕ್ಕಿತ್ತು. ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ನಾವು ವರ್ಷಕ್ಕೊಮ್ಮೆ ಚಿಟಿಕೆಯಷ್ಟು ತಿನ್ನುವುದನ್ನು ಅವರು ಊಟಕ್ಕೆ ತರಕಾರಿಯ ಹಾಗೆ ತಿನ್ನುತ್ತಾರೆ. ಬಿಸಿನೀರಿನಲ್ಲಿ ಅದ್ದಿ ಕಹಿ ಸ್ವಲ್ಪ ಇಳಿಸಿ, ಹುಣಸೆಹಣ್ಣು, ತಾಳೆಬೆಲ್ಲ, ಮೀನಿನ ಸಾಸ್ ಹಾಕಿ ಕುದಿಸಿದ ಸಿಹಿ ಗೊಜ್ಜಿನ ಜೊತೆ. ಮೀನು ಬಿಟ್ಟರೆ ಉಳಿದಿದ್ದೆಲ್ಲ ನಮ್ಮದೇ ಅಲ್ವಾ? ಭಟ್ಟರು ಅಲ್ಲೇ ತಾಳೆಬೆಲ್ಲವನ್ನೂ ಕೊಂಡರು.

ಆ ರಾತ್ರಿ ಹೋಟೆಲಿನಲ್ಲಿ ದೊಡ್ಡ ಚರ್ಚೆ. ಭಟ್ಟರು ಧಾರವಾಡದ ಕಡೆಯವರು. "ಬೇವು ಅಂದ್ರ ಕುಡಿಯೋದರೀ" ಅಂದರು. ಹುಣಸೆನೀರು, ಬೆಲ್ಲ, ಮಾವಿನಕಾಯಿ ತುರಿ, ಪುಟಾಣಿ ಹಿಟ್ಟು, ಬೇವಿನ ಹೂ ಹಾಕಿದ ಪಾನಕ ಅವರದು. ಲೈಟ್ ವಿಭಾಗದ ಹುಡುಗರು ಮಂಡ್ಯದವರು. "ನಮ್ಮಲ್ಲಿ ಬೇವು ಬೆಲ್ಲ ಬಾಯಿಗೆ ಹಾಕ್ಕೊಂಡು ಅಗಿಯೋದು ಕಣಣ್ಣ" ಅಂತ ಅವರು. ಮೇಕಪ್ ಮಾಡುವ ಅಕ್ಕ ಉಡುಪಿಯವರು. ಅವರ ಮನೆಯಲ್ಲಿ ಹೊಸ ವರ್ಷ ಏಪ್ರಿಲ್ ಮಧ್ಯದಲ್ಲಿ, ವಿಷುವಿಗೆ. ಹಣ್ಣು, ತರಕಾರಿ, ಕನ್ನಡಿ ಜೋಡಿಸಿದ ಕಣಿ ಇಟ್ಟು, ಬೆಳಗ್ಗೆ ಎದ್ದ ಕೂಡಲೇ ಅದನ್ನು ನೋಡುವ ಹಬ್ಬ. ಆಗ ಥಾಯ್ ಸಹಾಯಕಿಯೊಬ್ಬಳು ತಮ್ಮ ಹೊಸ ವರ್ಷ ಸೊಂಗ್‌ಕ್ರಾನ್ ಕೂಡ ಏಪ್ರಿಲ್ 13ಕ್ಕೇ ಶುರು ಅಂದಳು. ಸೂರ್ಯ ಮೇಷಕ್ಕೆ ಬರುವ ಲೆಕ್ಕ ಇಬ್ಬರದೂ. ಮೇಕಪ್ ಅಕ್ಕ ಅವಳ ಕೈ ಹಿಡಿದುಕೊಂಡು "ನಾವಿಬ್ರು ಒಂದೇ ಪಾರ್ಟಿ" ಅಂದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು.

ಮನೆಯಲ್ಲಿದ್ದರೆ ನನಗೆ ಗೊತ್ತಿದ್ದದ್ದು ನಮ್ಮಮ್ಮನ ಯುಗಾದಿ ಮಾತ್ರ. ಯೂನಿಟ್ ಜೊತೆ ಬಂದಿದ್ದಕ್ಕೆ ಇಷ್ಟು ಊರಿನ ಯುಗಾದಿ ಒಟ್ಟಿಗೆ ಸಿಕ್ಕಿತು. ಇದಕ್ಕಾಗಿಯೇ ಈ ಕೆಲಸ ನನಗೆ ಜಾಸ್ತಿ ಇಷ್ಟ.

ಬೆಳಗ್ಗೆ ಕತ್ತಲಿರುವಾಗಲೇ ಹೇರ್ ಡ್ರೆಸ್ಸರ್ ಅಕ್ಕ ಕೊಬ್ಬರಿ ಎಣ್ಣೆ ಬಾಟಲಿ ಹಿಡಿದು ಹೋಟೆಲಿನ ವರಾಂಡದಲ್ಲಿ ಕೂತರು. ಬಂದವರ ನೆತ್ತಿಗೆಲ್ಲ ಎಣ್ಣೆ ಒತ್ತಿ, "ನೂರು ವರ್ಷ ಚೆನ್ನಾಗಿರಪ್ಪ" ಅಂತ ಹರಸಿ ಸ್ನಾನಕ್ಕೆ ಕಳಿಸಿದರು. ನಾನು ರಾತ್ರಿಯೇ ಎಲ್ಲರ ಹೊಸ ಅಂಗಿಗಳಿಗೂ ಇಸ್ತ್ರಿ ಮಾಡಿಟ್ಟಿದ್ದೆ. ಕ್ಯಾಮೆರಾ ವ್ಯಾನಿಗೆ ಮಾವಿನೆಲೆ ತೋರಣ ಕಟ್ಟಿ, ಕ್ಯಾಮೆರಾಗೆ ಚೆಂಡುಹೂವಿನ ಹಾರ ಹಾಕಿ, ಕಾಯಿ ಒಡೆದೆವು. ಥಾಯ್ ತಂಡದವರು ಕೈ ಮುಗಿದುಕೊಂಡೇ ನಿಂತಿದ್ದರು. ಅವರಿಗೆ ಇದು ಹೊಸದಲ್ಲ. ಅಲ್ಲೂ ಚಿತ್ರೀಕರಣ ಶುರು ಮಾಡುವ ಮೊದಲು ಹೂ, ಹಣ್ಣು, ಊದಿನಕಡ್ಡಿ ಇಟ್ಟು ಪೂಜೆ ಮಾಡುತ್ತಾರೆ. ಭಟ್ಟರ ಪಾನಕವೂ ಇತ್ತು, ಮಂಡ್ಯದವರ ಬೇವು ಬೆಲ್ಲವೂ ಇತ್ತು. ಎರಡನ್ನೂ ತೆಗೆದುಕೊಂಡು ಮೊದಲ ಶಾಟ್‌ಗೆ ಹೋದೆವು.

ಒಬ್ಬಟ್ಟು ಮಾಡಲು ಆಗಲಿಲ್ಲ. ಕಣಕ ನಾದಿ, ಹೂರಣ ರುಬ್ಬಿ ಅಷ್ಟು ಜನಕ್ಕೆ ತಟ್ಟಲು ಆ ಅಡುಗೆಮನೆ ಸಾಲದು. ಮಾವಿನಕಾಯಿ ಚಿತ್ರಾನ್ನ, ಶಾವಿಗೆ ಪಾಯಸ ಆಯಿತು. ಊಟದ ಬಿಡುವಿನಲ್ಲಿ ಮನೆಗೆ ಫೋನ್ ಮಾಡಿದೆ. ಅಲ್ಲಿ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಪ್ಪ ಆಗಷ್ಟೇ ಪಂಚಾಂಗ ತೆರೆದಿದ್ದರು. ಸ್ಪೀಕರ್ ಹಾಕಿದೆ. ಶೋಭಕೃತ್ ಸಂವತ್ಸರದ ಮಳೆ, ಬೆಳೆ, ಆದಾಯ, ವ್ಯಯ ಎಲ್ಲವನ್ನೂ ಅಪ್ಪ ಓದಿದರು. ಅವರವರ ರಾಶಿ ಬಂದಾಗ ಒಬ್ಬೊಬ್ಬರೂ ತಟ್ಟೆ ಹಿಡಿದುಕೊಂಡೇ ಹತ್ತಿರ ಬಂದು ಕೇಳಿದರು. ನಿರ್ದೇಶಕರೂ ಕೇಳಿದರು.

ಮಾರನೇ ದಿನ ಹೊಸತೊಡಕು. ಮಂಡ್ಯದವರಿಗೆ ಬಾಡೂಟ ಇಲ್ಲದೆ ಯುಗಾದಿ ಮುಗಿಯುವುದಿಲ್ಲ. ಕುರಿ ಮಾಂಸ ಹುಡುಕಿದರು, ಸಿಗಲಿಲ್ಲ. ಆಗ ವ್ಯಾನ್ ಓಡಿಸುವವನೇ ತನ್ನ ಮನೆಯಿಂದ ಕೆಂಡದ ಮೇಲೆ ಸುಟ್ಟ ಮೀನು ತಂದ. ಜೊತೆಗೆ ಬೇವಿನ ಚಿಗುರು, ಆ ಸಿಹಿ ಗೊಜ್ಜು. ಅವರಲ್ಲಿ ಬೇವನ್ನು ತಿನ್ನುವುದೇ ಹೀಗಂತೆ. ಹುಡುಗರು ಮೊದಲು ಅನುಮಾನದಿಂದ ನೋಡಿದರು, ಆಮೇಲೆ ಎಲೆ ಖಾಲಿ ಮಾಡಿ, ಗೊಜ್ಜು ಮಾಡುವುದು ಹೇಗೆ ಅಂತ ಕೇಳಿ ವಿಡಿಯೋ ಮಾಡಿಕೊಂಡರು.