ಕ್ಲಿಯರ್ ಗ್ಲಾಸೋ, ಕಪ್ಪು ಗ್ಲಾಸೋ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಕ್ಲಿಯರ್ ಗ್ಲಾಸ್ ಹಾಕಿಸಲಾ, ಕಪ್ಪು ಗ್ಲಾಸ್ ಹಾಕಿಸಲಾ? ಯಾವುದರಲ್ಲಿ ಬಾಣ ಜೋರಾಗಿ ಹೋಗುತ್ತೆ?" ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಆಗಲಿ, ಉದ್ದನೆಯ ನೇರ ಲಾಂಗ್‌ಬೋ ಆಗಲಿ, ಮರದ ಬಿಲ್ಲು ಮಾಡಿಸಿಕೊಳ್ಳಲು ಬರುವವರಲ್ಲಿ ಇದನ್ನು ಕೇಳದವರು ಕಡಿಮೆ. ಗ್ಲಾಸ್ ಎಂದರೆ ಇಲ್ಲಿ ಬಿಲ್ಲಿನ ಹೊರಮೈಗೆ ಅಂಟಿಸುವ ಫೈಬರ್‌ಗ್ಲಾಸ್ ಪಟ್ಟಿ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಗ್ಲಾಸಿನ ಬಣ್ಣದಿಂದ ಬಾಣದ ವೇಗ ಬದಲಾಗುವುದಿಲ್ಲ. ದಪ್ಪದಿಂದ ಬದಲಾಗುತ್ತದೆ, ಆದರೆ ಜನ ಅಂದುಕೊಂಡಷ್ಟಲ್ಲ. ಬಣ್ಣವನ್ನು ನಿಮ್ಮ ಕಣ್ಣಿಗೆ ಬಿಡಿ, ದಪ್ಪವನ್ನು ಬಿಲ್ಲು ಮಾಡುವವರಿಗೆ ಬಿಡಿ. ಯಾಕೆ ಹೀಗೆ ಹೇಳುತ್ತೇನೆ ಎನ್ನುವುದಕ್ಕೆ ಸ್ವಲ್ಪ ವಿವರ ಬೇಕು.

ಬಿಲ್ಲನ್ನು ಎಳೆದಾಗ ಲಿಂಬ್, ಅಂದರೆ ಹಿಡಿಯ ಮೇಲೂ ಕೆಳಗೂ ಇರುವ ಬಿಲ್ಲಿನ ತೋಳು, ಬಾಗುತ್ತದೆ. ಗುರಿಯ ಕಡೆಗಿರುವ ಮೈಯನ್ನು ಬಿಲ್ಲಿನ ಬೆನ್ನು ಎನ್ನುತ್ತೇವೆ, ಬಿಲ್ಲುಗಾರನ ಕಡೆಗಿರುವುದನ್ನು ಹೊಟ್ಟೆ ಎನ್ನುತ್ತೇವೆ. ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ, ನಡುಭಾಗಕ್ಕೆ ಎರಡೂ ಇಲ್ಲ. ಕಷ್ಟವೆಲ್ಲ ಹೊರಮೈಗೆ. ಹಾಗಾಗಿ ಬಲವಾದ ವಸ್ತು ಹೊರಗಿರಬೇಕು, ಹಗುರವಾದದ್ದು ಒಳಗಿರಬೇಕು. ತುರ್ಕರು, ಮಂಗೋಲರು, ಕೊರಿಯನ್ನರು ಬೆನ್ನಿಗೆ ಪ್ರಾಣಿಗಳ ಸ್ನಾಯುರಜ್ಜು, ಹೊಟ್ಟೆಗೆ ಕೊಂಬು, ನಡುವೆ ಮರ ಇಟ್ಟು ಅಂಟಿಸುತ್ತಿದ್ದದ್ದೂ ಇದೇ ಕಾರಣಕ್ಕೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಫ್ರೆಡ್ ಬೇರ್ ಅವರ ಕಾರ್ಖಾನೆಯಂಥ ಕಡೆ ಆ ಜಾಗಕ್ಕೆ ಫೈಬರ್‌ಗ್ಲಾಸ್ ಬಂತು. ಆಮೇಲೆ ಬಂದ ಬಹುಪಾಲು ರಿಕರ್ವ್‌ಗಳು ಇದೇ ಕಟ್ಟಿನವು: ಎರಡು ಹೊರಮೈಗಳಿಗೆ ಗ್ಲಾಸ್, ನಡುವೆ ಮೇಪಲ್ ಅಥವಾ ಬಿದಿರಿನ ಪಟ್ಟಿಗಳು, ಎಲ್ಲವನ್ನೂ ಹಿಡಿದಿಡುವ ಎಪಾಕ್ಸಿ ಅಂಟು.

ಬಿಲ್ಲಿಗೆ ಬಳಸುವ ಗ್ಲಾಸ್ ದೋಣಿಗೋ ನೀರಿನ ಟ್ಯಾಂಕಿಗೋ ಬಳಸುವ ಫೈಬರ್ ಬಟ್ಟೆಯಲ್ಲ. ಇದರಲ್ಲಿ ಗಾಜಿನ ಎಳೆಗಳೆಲ್ಲ ಒಂದೇ ದಿಕ್ಕಿಗೆ, ಲಿಂಬಿನ ಉದ್ದಕ್ಕೆ ಮಲಗಿರುತ್ತವೆ. ಅದರ ಬಲವೂ ಆ ದಿಕ್ಕಿಗೇ. ಅಡ್ಡಕ್ಕೆ ಬಗ್ಗಿಸಿದರೆ ಅದೇ ಪಟ್ಟಿ ಸುಲಭವಾಗಿ ಸೀಳಿಹೋಗುತ್ತದೆ. ಉದ್ದಕ್ಕೆ ಮಾತ್ರ ಮರ ತಡೆಯಲಾರದಷ್ಟು ಹಿಗ್ಗುವಿಕೆಯನ್ನು ತಡೆದುಕೊಳ್ಳುತ್ತದೆ. 10 ಮಿಲಿಮೀಟರ್ ದಪ್ಪದ ಲಿಂಬನ್ನು ಅರ್ಧ ಮೀಟರ್ ತ್ರಿಜ್ಯದ ವೃತ್ತದಷ್ಟು ಬಗ್ಗಿಸಿದರೆ ಅದರ ಹೊರಮೈ ಶೇ 1ರಷ್ಟು ಹಿಗ್ಗುತ್ತದೆ. ಬರೀ ಮರದ ಬಿಲ್ಲಿಗೆ ಅದು ಹೆಚ್ಚೂಕಡಿಮೆ ಕೊನೆಯ ಗಡಿ. ಗ್ಲಾಸಿಗೆ ಅದು ದಿನನಿತ್ಯದ ಕೆಲಸ. ಗಿಡ್ಡ ಬಿಲ್ಲು, ಆಳವಾಗಿ ಬಾಗಿದ ತುದಿ, ಉದ್ದನೆಯ ಎಳೆತ, ಈ ಮೂರೂ ಒಟ್ಟಿಗೆ ಸಾಧ್ಯವಾಗಿರುವುದು ಈ ಗುಣದಿಂದಲೇ.

ಈಗ ದಪ್ಪದ ಮಾತಿಗೆ ಬರೋಣ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವುದು 0.030, 0.040, 0.050 ಇಂಚಿನ ಗ್ಲಾಸ್. ಅಂದರೆ ಸರಿಸುಮಾರು 0.75, 1 ಮತ್ತು 1.25 ಮಿಲಿಮೀಟರ್. "ತೆಳು ಗ್ಲಾಸ್ ಹಾಕಿದರೆ ಲಿಂಬ್ ಹಗುರವಾಗುತ್ತೆ, ಬಾಣ ವೇಗವಾಗಿ ಹೋಗುತ್ತೆ" ಎನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಮಾತು ಸುಳ್ಳಲ್ಲ. ಎಷ್ಟು ಹಗುರ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಒಟ್ಟು 10 ಮಿಲಿಮೀಟರ್ ದಪ್ಪದ ಲಿಂಬ್, ಎರಡೂ ಕಡೆ 1 ಮಿಲಿಮೀಟರ್ ಗ್ಲಾಸ್, ನಡುವೆ 8 ಮಿಲಿಮೀಟರ್ ಮರ ಇದೆ ಎಂದುಕೊಳ್ಳಿ. ಉದ್ದದ ದಿಕ್ಕಿನಲ್ಲಿ ಗ್ಲಾಸಿನ ಬಿಗಿತ ಸುಮಾರು 40 ಗಿಗಾಪಾಸ್ಕಲ್, ಮೇಪಲ್‌ನಂಥ ಮರದ್ದು ಸುಮಾರು 12. ಬಾಗುವುದಕ್ಕೆ ಲಿಂಬ್ ಒಡ್ಡುವ ಪ್ರತಿರೋಧ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಹೊರಗಿನ ಆ ಎರಡು ತೆಳು ಪಟ್ಟಿಗಳೇ ಸುಮಾರು ಮುಕ್ಕಾಲು ಪಾಲು ಕೆಲಸ ಮಾಡುತ್ತವೆ. ಮರಕ್ಕೆ ಉಳಿಯುವುದು ಕಾಲು ಪಾಲು. ತೂಕದಲ್ಲೂ ಗ್ಲಾಸಿನ ಪಾಲು ದೊಡ್ಡದೇ: ದಪ್ಪದ ಐದನೇ ಒಂದು ಭಾಗ ಮಾತ್ರ ಇದ್ದರೂ ಲಿಂಬಿನ ತೂಕದ ಸುಮಾರು ಶೇ 40 ಅದರದ್ದು.

ಈಗ ಅದೇ ಡ್ರಾ ವೇಟ್ (ಬಿಲ್ಲನ್ನು ಪೂರ್ತಿ ಎಳೆಯಲು ಬೇಕಾಗುವ ಬಲ, ಪೌಂಡಿನ ಲೆಕ್ಕದಲ್ಲಿ) ಬರಬೇಕು, ಗ್ಲಾಸ್ ಮಾತ್ರ 0.75 ಮಿಲಿಮೀಟರ್ ಸಾಕು ಎಂದರೆ, ಕಳೆದುಹೋದ ಬಿಗಿತವನ್ನು ಮರದಿಂದ ತುಂಬಿಸಬೇಕು. ಒಟ್ಟು ದಪ್ಪ 10.5ರ ಹತ್ತಿರ ಹೋಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೆ ಕಡಿಮೆಯಾಗುವ ತೂಕ ಎಷ್ಟು? ಸುಮಾರು ಶೇ 3. ಅದೇ 1.25 ಮಿಲಿಮೀಟರ್ ಗ್ಲಾಸ್ ಹಾಕಿದರೆ ತೂಕ ಶೇ 4ರ ಆಸುಪಾಸು ಏರುತ್ತದೆ. ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೆ ಬಾಣವನ್ನು ಒಂದು ಅಳತೆ ಹಗುರವಾದದ್ದಕ್ಕೆ ಬದಲಿಸಿದರೆ ವೇಗದಲ್ಲಿ ಆಗುವ ಬದಲಾವಣೆಯ ಮುಂದೆ ಇದು ಬಹಳ ಸಣ್ಣದು. ತೆಳು ಗ್ಲಾಸಿನ ಲಿಂಬ್ ದಪ್ಪವಾಗಿರುವುದರಿಂದ ಅದರ ಹೊರಮೈ ಅಷ್ಟೇ ಬಾಗುವಿಕೆಗೆ ಹೆಚ್ಚು ಹಿಗ್ಗಬೇಕು ಎನ್ನುವುದನ್ನೂ ಮರೆಯಬಾರದು. ಉದ್ದನೆಯ, ನೇರ ಲಾಂಗ್‌ಬೋಗೆ ಅದು ತೊಂದರೆಯಲ್ಲ. ಗಿಡ್ಡ ರಿಕರ್ವ್‌ನಲ್ಲಿ, ಅದರಲ್ಲೂ ಡ್ರಾ ವೇಟ್ ಜಾಸ್ತಿ ಇರುವಾಗ, ನಾನು 0.030ಕ್ಕೆ ಇಳಿಯುವುದಿಲ್ಲ.

ಹಾಗಾದರೆ ವೇಗ ಎಲ್ಲಿಂದ ಬರುತ್ತದೆ? ತುದಿಯಿಂದ. 1943ರಲ್ಲಿ ಪಾಲ್ ಕ್ಲಾಪ್‌ಸ್ಟೆಗ್ ಎಂಬ ಭೌತವಿಜ್ಞಾನಿ ಬಿಲ್ಲು ಬಾಣಗಳ ಭೌತಶಾಸ್ತ್ರದ ಬಗ್ಗೆ ಬರೆಯುತ್ತಾ ವರ್ಚುವಲ್ ಮಾಸ್ ಎಂಬ ಕಲ್ಪನೆಯನ್ನು ಮುಂದಿಟ್ಟರು. ಹೆದೆ ಬಿಟ್ಟಾಗ ಬಿಲ್ಲಿನ ಶಕ್ತಿಯೆಲ್ಲ ಬಾಣಕ್ಕೆ ಸೇರುವುದಿಲ್ಲ, ಒಂದು ಪಾಲು ಲಿಂಬನ್ನೂ ಹೆದೆಯನ್ನೂ ಓಡಿಸುವುದರಲ್ಲೇ ಹೋಗುತ್ತದೆ. ಆ ಪಾಲನ್ನು, ಬಾಣದ ಜೊತೆಗೆ ಅದೇ ವೇಗದಲ್ಲಿ ಹೋಗುವ ಒಂದು ಹೆಚ್ಚುವರಿ ತೂಕ ಎಂಬಂತೆ ಲೆಕ್ಕಕ್ಕೆ ಹಿಡಿಯುವುದು ಅವರ ದಾರಿ. ಹಿಡಿಯ ಹತ್ತಿರದ ಲಿಂಬ್ ಕದಲುವುದೇ ಕಡಿಮೆ, ಅಲ್ಲಿ ಸ್ವಲ್ಪ ತೂಕ ಹೆಚ್ಚಿದ್ದರೂ ನಷ್ಟವಿಲ್ಲ. ತುದಿ ಬಹುದೂರ ಓಡಬೇಕು. ಅಲ್ಲಿ ಕೆತ್ತಿ ತೆಗೆದ ಒಂದೊಂದು ಗ್ರಾಂ ಕೂಡ ಬಾಣಕ್ಕೆ ಲಾಭ. ಗ್ಲಾಸ್ ಪಟ್ಟಿ ಉದ್ದಕ್ಕೂ ಒಂದೇ ದಪ್ಪ, ಆದ್ದರಿಂದ ತುದಿಯನ್ನು ಹಗುರ ಮಾಡುವ ಕೆಲಸ ಮರದ ಪಟ್ಟಿಗಳ ಇಳಿಜಾರಿನಿಂದ, ಲಿಂಬಿನ ಅಗಲವನ್ನು ತುದಿಯ ಕಡೆಗೆ ಕಿರಿದು ಮಾಡುವುದರಿಂದ ಆಗಬೇಕು. ನನ್ನ ಬಳಿ ಬರುವವರು ಗ್ಲಾಸಿನ ಬಣ್ಣದ ಬಗ್ಗೆ ಕೇಳುವಷ್ಟು ಶ್ರದ್ಧೆಯಿಂದ ತುದಿಯ ಅಗಲದ ಬಗ್ಗೆ ಕೇಳಿದರೆ ನನಗೆ ಬಹಳ ಸಂತೋಷವಾಗುತ್ತದೆ.

ಇನ್ನು ಬಣ್ಣ. ಕಪ್ಪು, ಕಂದು, ಬಿಳಿ, ಹಸಿರು ಗ್ಲಾಸುಗಳಲ್ಲಿ ಬಣ್ಣ ಇರುವುದು ಎಳೆಗಳನ್ನು ಹಿಡಿದಿಡುವ ರಾಳದಲ್ಲಿ, ಎಳೆಯಲ್ಲಲ್ಲ. ಬಿಗಿತ ಕೊಡುವುದು ಎಳೆ. ಹಾಗಾಗಿ ಒಂದೇ ದಪ್ಪದ, ಒಂದೇ ಬಗೆಯ ಕಪ್ಪು ಗ್ಲಾಸಿಗೂ ಕ್ಲಿಯರ್ ಗ್ಲಾಸಿಗೂ ಬಾಣ ಬಿಡುವುದರಲ್ಲಿ ಲೆಕ್ಕಕ್ಕೆ ಸಿಗುವ ವ್ಯತ್ಯಾಸವಿಲ್ಲ. ಎರಡು ಬಿಲ್ಲುಗಳ ನಡುವೆ ವ್ಯತ್ಯಾಸ ಕಂಡರೆ ಕಾರಣವನ್ನು ದಪ್ಪದಲ್ಲಿ ಹುಡುಕಿ. ನಾವು ಲೆಕ್ಕ ಹಾಕಿದ ಲಿಂಬಿನಲ್ಲಿ ನಡುವಿನ ಮರ 0.1 ಮಿಲಿಮೀಟರ್ ಹೆಚ್ಚಾದರೆ 45 ಪೌಂಡಿನ ಬಿಲ್ಲು ಒಂದು ಪೌಂಡಿಗೂ ಮೀರಿ ಗಟ್ಟಿಯಾಗುತ್ತದೆ. ಗ್ಲಾಸಿನಿಂದಲೇ 0.1 ಮಿಲಿಮೀಟರ್ ಉಜ್ಜಿ ತೆಗೆದರೆ ಸುಮಾರು ಎರಡು ಪೌಂಡ್ ಇಳಿಯುತ್ತದೆ. ಇಷ್ಟು ಸೂಕ್ಷ್ಮವಾದ ವಸ್ತುವಿನಲ್ಲಿ ಬಣ್ಣದ ಮೇಲೆ ಹೊಣೆ ಹೊರಿಸುವುದು ಸರಿಯಲ್ಲ. ಡ್ರಾ ವೇಟ್ ಇಳಿಸಲು ಗ್ಲಾಸಿನ ಮೇಲ್ಮೈ ಉಜ್ಜುವುದನ್ನು ನಾನು ಒಪ್ಪುವುದಿಲ್ಲ ಎಂದೂ ಇಲ್ಲೇ ಹೇಳುತ್ತೇನೆ. ಅತಿ ಹೆಚ್ಚು ಒತ್ತಡ ಹೊರುವ ಪದರವನ್ನೇ ಕಡಿತಗೊಳಿಸಿದಂತಾಗುತ್ತದೆ. ಲಿಂಬಿನ ಅಂಚನ್ನು ತಗ್ಗಿಸುವುದು ಒಳ್ಳೆಯ ದಾರಿ. ಗ್ಲಾಸಿಗೆ ಕುಗ್ಗುವುದಕ್ಕಿಂತ ಹಿಗ್ಗುವುದರಲ್ಲಿ ಶಕ್ತಿ ಹೆಚ್ಚು, ಆದ್ದರಿಂದ ಬೆನ್ನಿನ ಕಡೆಯನ್ನು ಹೊಟ್ಟೆಗಿಂತ ಸ್ವಲ್ಪ ಕಿರಿದು ಮಾಡಿದರೆ ಬಿಲ್ಲು ಸಹಿಸುತ್ತದೆ, ತೂಕವೂ ಇಳಿಯುತ್ತದೆ. ಉಜ್ಜುವಾಗ ಮಾಸ್ಕ್ ಕಟ್ಟಲೇಬೇಕು. ಗಾಜಿನ ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು.

ಬಣ್ಣದ ನಿಜವಾದ ಪರಿಣಾಮ ಇರುವುದು ಮಾಡುವವರ ಕೈಕೆಲಸದ ಮೇಲೆ. ಕಪ್ಪು ಗ್ಲಾಸಿನ ಕೆಳಗೆ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ. ಕ್ಲಿಯರ್ ಗ್ಲಾಸ್ ಎಲ್ಲವನ್ನೂ ತೋರಿಸುತ್ತದೆ. ಅದರ ಕೆಳಗೆ ಅರ್ಧ ಮಿಲಿಮೀಟರಿನ ಆಸುಪಾಸಿನ ವೆನೀರ್, ಅಂದರೆ ಅಂದಕ್ಕಾಗಿ ಇಡುವ ತೆಳು ಮರದ ಹಾಳೆ, ಇಡುತ್ತೇವೆ: ಯ್ಯೂ, ಜೀಬ್ರಾವುಡ್, ಪಡೌಕ್, ಗೆಣ್ಣು ಕಾಣುವ ಬಿದಿರು. ಆ ವೆನೀರ್ ಕೂಡ ದಪ್ಪದ ಲೆಕ್ಕಕ್ಕೆ ಸೇರಬೇಕು, ಅಷ್ಟನ್ನು ನಡುವಿನ ಮರದಿಂದ ಕಳೆಯಬೇಕು.

ಕ್ಲಿಯರ್ ಗ್ಲಾಸ್ ಕೈಗೆ ಬಂದಾಗ ಕ್ಲಿಯರ್ ಆಗಿರುವುದಿಲ್ಲ. ಅಂಟು ಹಿಡಿಯಲೆಂದು ಒಂದು ಮೈಯನ್ನು ಒರಟು ಮಾಡಿರುತ್ತಾರೆ, ಆದ್ದರಿಂದ ಪಟ್ಟಿ ಹಾಲು ಬೆರೆಸಿದಂತೆ ಮಸುಕಾಗಿ ಕಾಣುತ್ತದೆ. ಮೊದಲ ಸಲ ನೋಡಿದವರು ತಪ್ಪು ಸರಕು ಬಂದಿದೆ ಎಂದೇ ಭಾವಿಸುತ್ತಾರೆ. ಎಪಾಕ್ಸಿ ಸವರಿ ವೆನೀರ್ ಮೇಲೆ ಇಟ್ಟು ಒತ್ತಿದಾಗ ಅಂಟು ಆ ಒರಟು ಗೆರೆಗಳನ್ನೆಲ್ಲ ತುಂಬಿಕೊಂಡು ಹೋಗುತ್ತದೆ, ಮಸುಕು ಹಿಂದೆ ಸರಿಯುತ್ತಾ ಮರ ಮೇಲಕ್ಕೆ ಬರುತ್ತದೆ. ಎಲ್ಲಿ ಅಂಟು ಸಾಲಲಿಲ್ಲವೋ ಅಲ್ಲಿ ಬಿಳಿ ಮಚ್ಚೆ ಉಳಿಯುತ್ತದೆ, ಎಲ್ಲಿ ಗಾಳಿ ಸಿಕ್ಕಿಕೊಂಡಿತೋ ಅಲ್ಲಿ ಗುಳ್ಳೆ. ಒಂದು ಧೂಳಿನ ಕಣ, ಒಂದು ಬೆರಳಚ್ಚಿನ ಎಣ್ಣೆ ಬಿದ್ದಿದ್ದರೂ ಕಂಡುಬಿಡುತ್ತದೆ. ಒತ್ತಡದಲ್ಲಿ ಬಿಗಿದು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಗಟ್ಟಿಯಾದ ಮೇಲೆ ಅದನ್ನು ತಿದ್ದಲು ಯಾವ ದಾರಿಯೂ ಇಲ್ಲ. ಅದಕ್ಕೇ ಕ್ಲಿಯರ್ ಗ್ಲಾಸಿನ ಬಿಲ್ಲಿಗೆ ಹೆಚ್ಚು ಸಮಯ ಹಿಡಿಯುತ್ತದೆ, ಬೆಲೆಯೂ ಹೆಚ್ಚು. ಈ ಗ್ಲಾಸಿನ ಮೇಲಿನ ನನ್ನ ಗೌರವಕ್ಕೂ ಕಾರಣ ಅದೇ. ಅಂಟು ಪೂರ್ತಿ ಕೂತಿದೆಯೋ ಇಲ್ಲವೋ ಎಂದು ಕೊಳ್ಳುವವರೇ ಬೆಳಕಿಗೆ ಹಿಡಿದು ನೋಡಬಹುದು.

ವೆನೀರ್ ಆರಿಸುವವರಿಗೆ ಒಂದು ಕಿವಿಮಾತು. ಒಣ ಮರವನ್ನು ನೋಡಿ ಒಪ್ಪಿಕೊಳ್ಳಬೇಡಿ. ಅದರ ಮೇಲೆ ಸ್ವಲ್ಪ ಅಸಿಟೋನ್ ಒರೆಸಿ, ಅದು ಆರುವ ಮುಂಚೆ ಕಾಣುವ ಬಣ್ಣವೇ ಹೆಚ್ಚುಕಡಿಮೆ ಗ್ಲಾಸಿನ ಕೆಳಗೆ ಕಾಣುವ ಬಣ್ಣ. ಪಡೌಕ್‌ನಂಥ ಎಣ್ಣೆಯಂಶದ ಮರಗಳನ್ನು ಅಂಟಿಸುವ ಮುಂಚೆ ಹೇಗೂ ಅಸಿಟೋನಿನಿಂದ ಒರೆಸಲೇಬೇಕು. ತಿಳಿಬಣ್ಣದ ಮರಗಳ ಮೇಲೆ ಕ್ಲಿಯರ್ ಗ್ಲಾಸ್ ಇದೆ ಎಂದೇ ಗೊತ್ತಾಗುವುದಿಲ್ಲ. ತೀರಾ ಕಪ್ಪು ಮರಗಳ ಮೇಲೆ ಮಾತ್ರ ಗಾಜಿನ ಎಳೆಗಳು ಸಣ್ಣ ಗೆರೆಗಳಾಗಿ, ತೆಳು ಮಂಜಿನಂತೆ ತೋರುತ್ತವೆ. ಎಬೊನಿಯಂಥ ಕಪ್ಪು ಬೇಕು ಎನ್ನುವವರಿಗೆ ನೇರವಾಗಿ ಕಪ್ಪು ಗ್ಲಾಸನ್ನೇ ಹಾಕಿಸಿಕೊಳ್ಳಿ ಎನ್ನುತ್ತೇನೆ. ಶುದ್ಧ ಕಪ್ಪು ಅದರಲ್ಲೇ ಸಿಗುತ್ತದೆ.

"ಕಾರ್ಬನ್ ಹಾಕಿದರೆ?" ಎಂಬ ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ. ಕಾರ್ಬನ್ ಎಳೆ ಗಾಜಿನ ಎಳೆಗಿಂತ ಸುಮಾರು ಮೂರು ಪಟ್ಟು ಬಿಗಿ, ತೂಕದಲ್ಲೂ ಕಡಿಮೆ. ಗ್ಲಾಸಿನ ಕೆಳಗೆ ಒಂದು ತೆಳು ಪದರ ಕೊಟ್ಟರೆ ಲಿಂಬನ್ನು ತೆಳ್ಳಗೆ, ಹಗುರಾಗಿ ಮಾಡಬಹುದು. ಎಳೆಗಳನ್ನು 45 ಡಿಗ್ರಿ ಓರೆಯಾಗಿ ಹೆಣೆದ ಪದರ ಕೊಟ್ಟರೆ ಲಿಂಬ್ ತಿರುಚಿಕೊಳ್ಳುವುದು ಕಡಿಮೆಯಾಗುತ್ತದೆ. ಉದ್ದಕ್ಕಷ್ಟೇ ಎಳೆ ಇರುವ ಗ್ಲಾಸಿಗೆ ತಿರುಚನ್ನು ತಡೆಯುವ ಶಕ್ತಿ ಕಡಿಮೆ, ಹಾಗಾಗಿ ಕಿರಿದಾದ ರಿಕರ್ವ್ ತುದಿಗಳಿಗೆ ಇದು ನಿಜವಾದ ಉಪಕಾರ. ಆದರೆ ಗ್ಲಾಸ್ ಸಹಿಸುವಷ್ಟು ಹಿಗ್ಗುವಿಕೆಯನ್ನು ಕಾರ್ಬನ್ ಸಹಿಸದು, ಬೆಲೆ ದುಬಾರಿ. ಕ್ಲಿಯರ್ ಗ್ಲಾಸಿನ ಕೆಳಗೆ ಮರ ಕಾಣಬೇಕೆಂದರೆ ಅದನ್ನು ವೆನೀರಿನ ಕೆಳಗೆ, ಒಳಕ್ಕೆ ಇಡಬೇಕು. ಒಳಕ್ಕೆ ಹೋದಷ್ಟೂ ಅದರ ಲಾಭ ಕಡಿಮೆ.

ಹಳೆಯ ಬಿಲ್ಲು ಕೊಳ್ಳುವವರು ಕೇಳುವುದು ಗೆರೆಗಳ ಬಗ್ಗೆ. ಗ್ಲಾಸಿನಲ್ಲಿ ಲಿಂಬಿನ ಉದ್ದಕ್ಕೆ ಕೂದಲಿನಂಥ ಗೆರೆಗಳು ಕಂಡರೆ ಅವು ಎಳೆಗಳ ನಡುವಿನ ರಾಳದಲ್ಲಿ ಬಿಟ್ಟ ಬಿರುಕು, ಎಳೆ ತುಂಡಾಗಿರುವುದಿಲ್ಲ. ಅಂಥ ಎಷ್ಟೋ ಬಿಲ್ಲುಗಳು ದಶಕಗಳಿಂದ ಬಾಣ ಬಿಡುತ್ತಿವೆ. ಅಡ್ಡಕ್ಕೆ ಇರುವ ಗೆರೆಯ ವಿಷಯ ಬೇರೆ. ಬಿಲ್ಲಿನ ಹೊಟ್ಟೆಯ ಕಡೆ ಅಡ್ಡಗೆರೆ ಇದ್ದು, ಉಗುರಿಗೆ ತಡೆಯುವಷ್ಟು ಎದ್ದಿದ್ದರೆ ಅಲ್ಲಿ ಎಳೆಗಳು ಕುಗ್ಗಿ ಮುರಿದಿರಬಹುದು. ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟ ಬಿಲ್ಲಿನಲ್ಲಿ ಅಂಟು ಸಡಿಲಿ ಅಂಚಿನಲ್ಲಿ ಪದರ ಬಿಟ್ಟಿರುವುದೂ ಉಂಟು. ಕಪ್ಪು ಗ್ಲಾಸಿನಲ್ಲಿ ಕಣ್ಣಿಗೆ ಮೋಸವಾಗಬಹುದು, ಆದ್ದರಿಂದ ಹತ್ತಿಯ ಉಂಡೆಯನ್ನು ಎರಡೂ ಮೈಗಳ ಮೇಲೆ, ಅಂಚುಗಳ ಮೇಲೆ ನಿಧಾನವಾಗಿ ಎಳೆಯಿರಿ. ಹತ್ತಿಯ ನೂಲು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಎಳೆ ಎದ್ದಿದೆ. ಆ ಜಾಗವನ್ನು ಯಾರಾದರೂ ಬಿಲ್ಲು ಮಾಡುವವರು ನೋಡುವವರೆಗೂ ಆ ಬಿಲ್ಲಿಗೆ ಹೆದೆ ಏರಿಸಬೇಡಿ.