ಜೇಬಲ್ಲಿ ಲೆನ್ಸ್ ಇಟ್ಕೊಂಡು ಕ್ಯಾಮೆರಾ ತಗೊಳಕ್ಕೆ ಹೋದ ದಿನ

2007ರ ಮಾತು. ನಿಕಾನ್ ಎಫ್‌ಎಂ10ನಲ್ಲಿ ಏಳು ವರ್ಷ ಫಿಲ್ಮ್ ತೆಗೆದಿದ್ದೆ, ಬಿಡೋ ಮನಸ್ಸು ಒಂಚೂರೂ ಇರ್ಲಿಲ್ಲ. ಆದ್ರೆ ಮೈಸೂರಲ್ಲಿ ನಾನು ರೋಲ್ ತೊಳೆಸ್ತಿದ್ದ ಲ್ಯಾಬಿಗೆ ವಾರಕ್ಕೆ ನಾಲ್ಕೈದು ರೋಲೂ ಬರ್ತಿರ್ಲಿಲ್ಲ, ರೋಲ್ ಓಡ್ತಾ ಇದ್ರೆ ತಾನೇ ಹೊಸ ಕೆಮಿಕಲ್ ಬೀಳೋದು, ಇಲ್ಲಾಂದ್ರೆ ಡೆವಲಪರ್ ನಿಂತಲ್ಲೇ ಹಳಸುತ್ತೆ. ಕೊಕ್ಕರೆ ಬೆಳ್ಳೂರಲ್ಲಿ ಹುಣಸೆಮರದ ಮೇಲಿನ ಹೆಜ್ಜಾರ್ಲೆ ಹಕ್ಕಿಗಳನ್ನ ತೆಗೆದ ರೋಲ್ ಪೂರಾ ಹಸಿರು ತಿರುಗಿ ಬಂತು. ಆವತ್ತು ರಾತ್ರಿ ಊಟ ಸೇರ್ಲಿಲ್ಲ. ಡಿಜಿಟಲ್ ಕ್ಯಾಮೆರಾ ತಗೊಳೋದು ಅಂದ್ಕೊಂಡೆ.

ಮಂಡ್ಯದಲ್ಲಿ ನಮ್ಮ ಸೋದರಮಾವಂದು ಸ್ಟುಡಿಯೋ ಇತ್ತು, ನನಗೆ ಕ್ಯಾಮೆರಾ ಹಿಡಿಯೋದು ಕಲಿಸಿದ್ದೇ ಅವರು. ಫೋನ್ ಮಾಡಿದ್ರೆ, "ಮೆಗಾಪಿಕ್ಸೆಲ್ಲು ಆಮೇಲ್ ನೋಡುವಂತೆ ಕಣ್ಲಾ, ನಿನ್ ಲೆನ್ಸ್ ಎತ್ಕೊಂಡ್ ಹೋಗಿ ಹಾಕ್ ನೋಡು" ಅಂದ್ರು. ಹಂಗಾಗಿ 50 ಎಂಎಂ 1.8 ಡಿ ಲೆನ್ಸ್ ಜೇಬಲ್ಲಿ ಇಟ್ಕೊಂಡು ಅಂಗಡಿಗೆ ಹೋದೆ.

ಮುಂದೆ ನಿಕಾನ್‌ದೇ ಎರಡು ಡಿಜಿಟಲ್ ಬಾಡಿ, ಅಂದ್ರೆ ಲೆನ್ಸ್ ಇಲ್ಲದ ಕ್ಯಾಮೆರಾ, ಇಟ್ರು, ಡಿ80 ಮತ್ತೆ ಡಿ40. ಡಿ80ಗೆ 10 ಮೆಗಾಪಿಕ್ಸೆಲ್, ಒಳಗೆ ಫೋಕಸ್ ಮೋಟರ್ ಇದೆ, ನನ್ನ ಲೆನ್ಸ್ ಹಾಕಿದ ತಕ್ಷಣ ಗಿರ್ ಅಂತ ತಿರುಗಿ ನಿಂತ್ಕೊಳ್ತು. ಡಿ40ಗೆ ಆರೇ ಮೆಗಾಪಿಕ್ಸೆಲ್, ಮೋಟರ್ ಇಲ್ಲ. "ಈ ಲೆನ್ಸ್ ಇದ್ರಲ್ಲಿ ಆಟೋಫೋಕಸ್ ಆಗಲ್ಲ ಸರ್" ಅಂತ ಅಂಗಡಿಯವರು ಮೊದಲೇ ಹೇಳಿದ್ರು. ನಾನು ಏಳು ವರ್ಷದಿಂದ ಕೈಯಲ್ಲೇ ಫೋಕಸ್ ಮಾಡ್ತಿರೋನು, ಅದೊಂದು ಕೊರತೆ ಅನ್ನಿಸ್ಲೇ ಇಲ್ಲ. ಆದ್ರೆ ಎಫ್‌ಎಂ10ನಲ್ಲಿ ಕಣ್ಣಿಟ್ಟು ನೋಡೋ ಫೈಂಡರ್ ಮಧ್ಯದ ವೃತ್ತದಲ್ಲಿ ಗೆರೆ ಎರಡು ತುಂಡಾಗಿ ಕಾಣುತ್ತಲ್ಲ, ಕೂಡಿದ್ರೆ ಫೋಕಸ್ ಆಯ್ತು ಅಂತ, ಅದು ಇಲ್ಲಿಲ್ಲ. ಬದಲಿಗೆ ಕೆಳಗೆ ಎಡಗಡೆ, ಫೋಕಸ್ ಆದ್ರೆ ಹತ್ತೋ ಸಣ್ಣ ಹಸಿರು ಚುಕ್ಕಿ. ಕಣ್ಣು ಮುಖ ನೋಡ್ಬೇಕಾ ಚುಕ್ಕಿ ನೋಡ್ಬೇಕಾ ಅಂತ ಹತ್ತು ನಿಮಿಷ ಒದ್ದಾಡಿದೆ. ಅದಾದ್ಮೇಲೆ ಒಗ್ಗಿತು.

ಪ್ರಿಂಟಿನ ಲೆಕ್ಕ ಹಾಕಿದೆ, ಡಿ40 ಫೋಟೋದ ಉದ್ದದ 3008 ಪಿಕ್ಸೆಲ್‌ನ 12 ಇಂಚಿಗೆ ಹಂಚಿದ್ರೆ ಇಂಚಿಗೆ 250 ಬರುತ್ತೆ, ನಾನು ಗೋಡೆಗೆ ಹಾಕಿಸೋದೇ 8x12, ಅಷ್ಟು ಸಾಕು. ಡಿ40 ಕಟ್ಟಿಸ್ಕೊಂಡೆ. ಉಳಿದ ದುಡ್ಡು ಮುಂದೆ ಲೆನ್ಸಿಗೆ.

ಅಲ್ಲಿಂದ ಸೀದಾ ದೇವರಾಜ ಮಾರ್ಕೆಟ್ಟಿಗೆ. ಮೊದಲನೇ ಕ್ಲಿಕ್ಕಿಗೇ ಎಫ್‌ಇಇ ಅಂತ ಮಿಣುಕ್ತು, ಶಟರೇ ಬೀಳ್ಲಿಲ್ಲ. ಅಭ್ಯಾಸಬಲದಲ್ಲಿ ಲೆನ್ಸಿನ ಅಪರ್ಚರ್ (ಬೆಳಕು ಬಿಡೋ ಕಿಂಡಿ) ರಿಂಗ್ ನಾಲ್ಕಕ್ಕೆ ತಿರುಗಿಸಿದ್ದೆ, ಅದು 22ರಲ್ಲಿ ಲಾಕ್ ಆಗಿರ್ಬೇಕು, ಅಪರ್ಚರ್ ಇನ್ಮೇಲೆ ಬಾಡಿಯಿಂದ. ಜೊತೆಗೆ ಸೆನ್ಸರ್ ಫಿಲ್ಮಿಗಿಂತ ಚಿಕ್ಕದಾಗಿರೋದ್ರಿಂದ 50 ಎಂಎಂ ಇದ್ರಲ್ಲಿ 75ರ ಹಂಗೆ ಹತ್ರ ಎಳೆದು ನೋಡುತ್ತೆ, ಹೂವಿನ ಓಣಿಯಲ್ಲಿ ಹಿಂದಕ್ಕೆ ಹೋಗಿ ಹೋಗಿ ಬಾಳೆ ಎಲೆ ಕಟ್ಟಿಗೆ ಬೆನ್ನು ತಾಗಿತು.

ಒಬ್ರು ಅಜ್ಜಿ ಮಲ್ಲಿಗೆ ಮೊಳ ಹಾಕ್ತಿದ್ರು, ಪಕ್ಕದಲ್ಲೇ ಬಿಡಿ ಮೊಗ್ಗಿನ ರಾಶಿ, ಮೇಲಿನ ಶೀಟಿನ ಸಂದಿಯಿಂದ ಬಿಸಿಲು ಬಿದ್ದಿತ್ತು. ನೆಗೆಟಿವ್‌ಗೆ ಒಂದು ಸ್ಟಾಪ್, ಅಂದ್ರೆ ಎರಡರಷ್ಟು, ಬೆಳಕು ಜಾಸ್ತಿ ಆದ್ರೂ ತಡ್ಕೊಳುತ್ತೆ, ಕಮ್ಮಿ ಮಾಡ್ಬೇಡ ಅಂತ ಮಾವ ಕಲಿಸಿದ್ದು, ಹಂಗೇ ತೆಗೆದೆ. ಸ್ಕ್ರೀನಲ್ಲಿ ನೋಡಿದ್ರೆ ರಾಶಿ ಪೂರಾ ಬಿಳೀ ಮುದ್ದೆ, ಬೆಳಕು ಮಿತಿಮೀರಿದ ಜಾಗ (ಹೈಲೈಟ್) ತೋರಿಸೋ ಪುಟದಲ್ಲಿ ಅದೇ ಜಾಗ ಕಪ್ಪಾಗಿ ಮಿಣುಕ್ತಿತ್ತು. ಎಸಳಿನ ಗೆರೆ ಒಂದೂ ಇಲ್ಲ. ಸೆನ್ಸರಲ್ಲಿ ಬಿಳಿ ಒಂದ್ಸಲ ತುಂಬಿ ಹೋದ್ರೆ ಎಳೆದು ತರಕ್ಕೆ ಒಳಗೆ ಏನೂ ಇರಲ್ಲ. ಬೆಳಕನ್ನ ಮೈನಸ್ 0.7 ಸ್ಟಾಪಿಗೆ ಇಳಿಸಿದೆ, ಮಿಣುಕೋದು ಕಮ್ಮಿ ಆಯ್ತು. ಮೈನಸ್ ಒಂದಕ್ಕೆ ಪೂರಾ ನಿಂತೋಯ್ತು, ಮೊಗ್ಗಿನ ತೊಟ್ಟಿನ ಹತ್ರದ ತೆಳು ಹಸಿರೂ ಕಾಣ್ತು.

ಸಂಜೆ ಟ್ರೈನಿಗೆ ಮಂಡ್ಯಕ್ಕೆ ಹೋಗಿ ಮಾವಂಗೆ ತೋರಿಸಿದೆ. ಎರಡೂ ಫೋಟೋ ಹಿಂದೆ ಮುಂದೆ ಮಾಡಿ ತುಂಬಾ ಹೊತ್ತು ನೋಡಿದ್ರು. "ಇದು ಸ್ಲೈಡ್ ಫಿಲ್ಮ್ ಇದ್ದಂಗದೆ, ಬೆಳಕು ಬಿಗಿಯಾಗ್ ಹಿಡೀಬೇಕು" ಅಂದ್ರು. ಆಮೇಲೆ ನನ್ನ ಎಫ್‌ಎಂ10 ಎತ್ಕೊಂಡು ಕೌಂಟರ್ ನೋಡಿದ್ರು, 36ರ ರೋಲು, 27ರಲ್ಲಿತ್ತು.

"ಇನ್ನೂ ಒಂಬತ್ತು ಅವೆ ಕಣ್ಲಾ. ನಾಳೆ ಬೆಳಿಗ್ಗೆ ರಂಗನತಿಟ್ಟಿಗೆ ಹೋಗಿ ಮುಗ್ಸುವ, ತೊಳೆಯೋದು ನಾನ್ ನೋಡ್ಕತೀನಿ."