ಹಸುವಿನ ಹೊಟ್ಟೆಯಲ್ಲಿ ಯಾವುದು ಮೊದಲು?

ಹಸುವಿಗೆ ನಾಲ್ಕು ಹೊಟ್ಟೆ ಅಂತ ಸುಮಾರು ಜನ ಹೇಳುತ್ತಾರೆ. ಹೊಟ್ಟೆ ಒಂದೇ, ಕೋಣೆ ನಾಲ್ಕು. ಅದಿರಲಿ, ನನಗೆ ಈ ಲೆಕ್ಕಕ್ಕಿಂತ ಕುತೂಹಲ ಅನಿಸುವುದು ಆ ಕೋಣೆಗಳು ಯಾವುದರ ಹಿಂದೆ ಯಾವುದು ಇವೆ ಅನ್ನೋದು. ಹುಲ್ಲು ಮೊದಲು ಹುಳಿಯುತ್ತದೆ, ಜೀರ್ಣವಾಗುವುದು ಆಮೇಲೆ.

ಹುಳಿಯುವ ಜಾಗ ನಾಲ್ಕರಲ್ಲಿ ಮೊದಲ ಕೋಣೆ, ರೂಮೆನ್. ದೊಡ್ಡ ಹಸುವಿನಲ್ಲಿ ಇದು 100 ಲೀಟರಿಗಿಂತ ಜಾಸ್ತಿ ಹಿಡಿಯುತ್ತದೆ, ಹೊಟ್ಟೆಯ ಎಡಭಾಗ ಹೆಚ್ಚುಕಮ್ಮಿ ಇದರದ್ದೇ. ಜೀರ್ಣರಸ ಸುರಿಸುವ ಗ್ರಂಥಿ ಇಲ್ಲಿ ಒಂದೂ ಇಲ್ಲ. ಇರುವುದು ಸುಮಾರು 39 ಡಿಗ್ರಿ ಶಾಖ, ನೀರು, ಮತ್ತು ಒಂದೊಂದು ಮಿಲಿಲೀಟರಿನಲ್ಲೂ ಸಾವಿರ ಕೋಟಿಯ ಆಸುಪಾಸು ಬ್ಯಾಕ್ಟೀರಿಯಾ. ಹುಲ್ಲಿನ ನಾರನ್ನು ಒಡೆಯುವ ಕಿಣ್ವ ಹಸುವಿನ ಮೈಯಲ್ಲಿ ತಯಾರಾಗುವುದೇ ಇಲ್ಲ, ನಮ್ಮಲ್ಲೂ ಅಷ್ಟೇ, ಆ ಕೆಲಸ ಮಾಡುವುದು ಈ ಸೂಕ್ಷ್ಮಜೀವಿಗಳು. ಅವು ನಾರನ್ನು ತಿಂದು ಬಿಡುವ ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಆಮ್ಲಗಳನ್ನು ರೂಮೆನ್ನಿನ ಗೋಡೆಯೇ ಹೀರಿಕೊಳ್ಳುತ್ತದೆ. ಹಸುವಿಗೆ ಬೇಕಾದ ಶಕ್ತಿಯಲ್ಲಿ ಸುಮಾರು 70% ಬರುವುದು ಇದರಿಂದಲೇ! ಜೊತೆಗೆ ಹುಟ್ಟುವ ಮೀಥೇನ್ ತೇಗಿನಲ್ಲಿ ಹೊರಗೆ ಹೋಗುತ್ತದೆ. ತೇಗು ನಿಂತರೆ ಹೊಟ್ಟೆ ಉಬ್ಬರಿಸಿ ಹಸು ಸತ್ತೇಹೋಗಬಹುದು.

ಇಷ್ಟೊಂದು ಆಮ್ಲ ಹುಟ್ಟಿದರೂ ರೂಮೆನ್ ಕೆಡುವುದಿಲ್ಲ ಯಾಕೆ? ಜೊಲ್ಲು. ದಿನಕ್ಕೆ 100 ಲೀಟರಿಗೂ ಮೀರಿ ಸುರಿಯುವ ಈ ಜೊಲ್ಲಿನಲ್ಲಿ ಆಮ್ಲದ ಜೋರು ತಗ್ಗಿಸುವ ಬೈಕಾರ್ಬೊನೇಟ್ ಇರುತ್ತದೆ. ಮೆಲುಕು ಹಾಕಿದಷ್ಟೂ ಜೊಲ್ಲು ಜಾಸ್ತಿ. ಹುಲ್ಲು ಕಡಿಮೆ ಮಾಡಿ ಕಾಳು ಸುರಿದರೆ ಮೆಲುಕೂ ಕಡಿಮೆ, ಜೊಲ್ಲೂ ಕಡಿಮೆ, ಆಮ್ಲ ಮಾತ್ರ ಜಾಸ್ತಿ. ಕಾಳು ತಿಂದ ಹಸು ಚೆನ್ನಾಗಿರುತ್ತೆ ಅನ್ನೋರು ಇದನ್ನು ಸ್ವಲ್ಪ ಯೋಚಿಸಬೇಕು.

ರೂಮೆನ್ನಿಗೆ ಅಂಟಿಕೊಂಡೇ ಇರುವುದು ರೆಟಿಕ್ಯುಲಮ್. ಒಳಗೋಡೆ ಜೇನುಗೂಡಿನ ಹಾಗೆ. ಮೇವಿನ ಜೊತೆ ನುಂಗಿದ ಮೊಳೆ, ತಂತಿ ಬಂದು ಬೀಳುವುದು ಇಲ್ಲಿ, ಹೃದಯ ಇರುವುದು ಅದರ ಮುಂದೆಯೇ, ನಡುವೆ ತೆಳ್ಳಗಿನ ವಪೆ ಅಷ್ಟೇ. ಅದಕ್ಕೇ ಕೆಲವು ಕಡೆ ಹಸುವಿಗೆ ಒಂದು ಅಯಸ್ಕಾಂತ ನುಂಗಿಸಿಬಿಡುತ್ತಾರೆ, ಅದು ಅಲ್ಲೇ ಕೂತು ಕಬ್ಬಿಣದ ಚೂರುಗಳನ್ನು ಹಿಡಿದುಕೊಳ್ಳುತ್ತದೆ. ಮೂರನೆಯದು ಒಮೇಸಮ್, ಮುಖ್ಯವಾಗಿ ನೀರು ಹೀರುತ್ತದೆ.

ಕೊನೆಯದು ಅಬೊಮೇಸಮ್, ನಮ್ಮ ಜಠರದ ಥರದ್ದು, ಆಮ್ಲ ಇರುವಂಥದ್ದು. ರೂಮೆನ್ನಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ಮೇವಿನ ಜೊತೆ ಹರಿದು ಬಂದು ಇಲ್ಲಿ ಸಾಯುತ್ತವೆ, ಮುಂದೆ ಸಣ್ಣ ಕರುಳಿನಲ್ಲಿ ಅವೇ ಹಸುವಿಗೆ ಪ್ರೋಟೀನ್ ಆಗುತ್ತವೆ. ಕುದುರೆಯಲ್ಲೂ ಹುಲ್ಲು ಹುಳಿಯುತ್ತದೆ, ಆದರೆ ಸಣ್ಣ ಕರುಳು ದಾಟಿದ ಮೇಲೆ. ಹಾಗಾಗಿ ಆ ಪ್ರೋಟೀನ್ ಬಹುಪಾಲು ಲದ್ದಿಯಲ್ಲಿ ಹೋಗಿಬಿಡುತ್ತದೆ. ಜಾಗ ಹಿಂದುಮುಂದಾದರೆ ಎಷ್ಟು ವ್ಯತ್ಯಾಸ ನೋಡಿ.

ಆದರೆ ಕರುವಿಗೆ ಈ ಏರ್ಪಾಡು ಆಗಿಬರುವುದಿಲ್ಲ. ಹಾಲು ರೂಮೆನ್ನಿಗೆ ಬಿದ್ದರೆ ಹುಳಿದು ಕೆಡುತ್ತದೆ ಅಲ್ವಾ? ಅದಕ್ಕೇ ಕರು ಚೀಪುವಾಗ ಅನ್ನನಾಳದ ತುದಿಯಲ್ಲಿರುವ ತೋಡಿನ ಎರಡೂ ಅಂಚು ಕೂಡಿ ಕೊಳವೆಯಾಗುತ್ತದೆ, ಹಾಲು ರೂಮೆನ್ ತಪ್ಪಿಸಿಕೊಂಡು ಅಬೊಮೇಸಮ್ ಕಡೆಗೆ ಹೋಗುತ್ತದೆ. ಹುಟ್ಟಿದಾಗ ನಾಲ್ಕರಲ್ಲಿ ದೊಡ್ಡದು ಅದೇ. ರೂಮೆನ್ ಆಗಿನ್ನೂ ಪುಟ್ಟದು. ಕರು ಮೇವು ಕಡಿಯಲು ಶುರು ಮಾಡಿ, ಆ ಮೇವು ಹುಳಿದು ಆಮ್ಲ ಬಿಟ್ಟ ಮೇಲೇ ರೂಮೆನ್ನಿನ ಒಳಗೋಡೆ ಸರಿಯಾಗಿ ಬಲಿಯುವುದು. ಬರೀ ಹಾಲು ಕುಡಿಸುತ್ತಾ ಹೋದರೆ ಅದು ಹಿಂದೆಯೇ ಉಳಿಯುತ್ತದೆ.